ಇನ್ನೂರ ಇಪ್ಪತ್ತೆಂಟು ಶುಕ್ರವಾರ

"ಹನ್ನೊಂದು ಸಾವಿರದ ನಾನೂರು ಪೌಂಡ್. ನಗದು. ಒಂದೇ ದಿನ ಕಟ್ಟಿದೀರಿ," ಎಂದಿತು ಫೋನಿನ ಆಚೆಯ ದನಿ. "ಅದು ನಿಮ್ಮ ಕೈಗೆ ಎಲ್ಲಿಂದ ಬಂತು ಅಂತ ಒಂದು ಕಾಗದ ಬೇಕು, ಮಿಸೆಸ್ ಮಂಬಿ. ಅಷ್ಟೇ."

ಜನೀನ್ ಮಂಬಿ, ಮೀನಿಗೆ ಹೊಗೆ ಹಿಡಿಸುವ ಹೊಗೆಮನೆಯ ಹಿಂಬಾಗಿಲ ಹೊರಗೆ, ಬೋರಲು ಹಾಕಿದ ಮೀನಿನ ಪೆಟ್ಟಿಗೆಯ ಮೇಲೆ ಕೂತಿದ್ದಳು. ಹತ್ತು ನಿಮಿಷದ ವಿರಾಮದಲ್ಲಿ ನಾಲ್ಕು ನಿಮಿಷ ಆಗಲೇ ಕಳೆದಿತ್ತು. ಬೆಳಗಿನ ಆರರಿಂದ ಹ್ಯಾಡಕ್ ಮೀನಿನ ಹೋಳುಗಳನ್ನು ಕಂಬಿಗೆ ಸಿಕ್ಕಿಸುತ್ತಿದ್ದ ಬೆರಳುಗಳಿಗೆ ಫೋನು ಹಿಡಿದಿರುವುದೇ ಗೊತ್ತಾಗುತ್ತಿರಲಿಲ್ಲ. ಜಾರಿ ಬಿದ್ದೀತೆಂದು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಚೀಟಿ ದುಡ್ಡು," ಎಂದಳು.

"ಏನಂದ್ರಿ?"

"ಚೀಟಿ ಹಾಕ್ತೀವಲ್ಲ, ಕೆಲಸದ ಕಡೆ. ಡಿಡ್ಲಮ್ ಅಂತೀವಿ ನಾವು. ಶುಕ್ರವಾರ ಸಂಬಳ ಆದ ತಕ್ಷಣ ಮಾವಿಸ್ ಕೈಗೆ ಇಷ್ಟು ಅಂತ ಕೊಡೋದು. ಡಿಸೆಂಬರಲ್ಲಿ ಅವಳು ವಾಪಸ್ ಹಂಚೋದು."

"ಮಾವಿಸ್ ಅಂದ್ರೆ ಯಾವ ಸಂಸ್ಥೆ?"

"ಸಂಸ್ಥೆ ಅಲ್ಲಮ್ಮ, ಮಾವಿಸ್. ನಮ್ಮ ಜೊತೆ ಪ್ಯಾಕಿಂಗಲ್ಲಿ ಇದ್ದೋಳು."

ಆ ಕಡೆ ಕೀಲಿಮಣೆಯ ಟಕಟಕ ನಿಂತು ಮತ್ತೆ ಶುರುವಾಯಿತು. ಮಾತಾಡುತ್ತಿದ್ದವಳು ಬ್ರಯೋನಿ, ವಕೀಲರ ಕಚೇರಿಯ ಗುಮಾಸ್ತೆ. ತಮ್ಮೂರು ಗ್ರಿಮ್ಸ್‌ಬಿಯ ವಕೀಲರು ಕೇಳಿದ್ದಕ್ಕಿಂತ ಇನ್ನೂರು ಪೌಂಡ್ ಕಡಿಮೆ ಎಂದು, ಜನೀನ್ ಜೊತೆ ವಾಸವಿದ್ದ ಕ್ಲೈವ್ ಇಂಟರ್ನೆಟ್ಟಿನಲ್ಲಿ ಹುಡುಕಿದ ಕಚೇರಿ ಅದು. ಎಲ್ಲೋ ದೂರದ ಬ್ರಿಸ್ಟಲ್‌ನಲ್ಲಿತ್ತು. ಬ್ರಯೋನಿಯ ಮುಖವನ್ನು ಅವರಿಬ್ಬರೂ ನೋಡಿರಲಿಲ್ಲ.

"ಸರಿ, ಬರ್ಕೊಳ್ಳಿ," ಎಂದಳು ಬ್ರಯೋನಿ. "ಮೂರು ಆಗಬೇಕು. ಒಂದು, ನೀವು ಚೀಟಿ ಕಟ್ಟಿದ್ದಕ್ಕೆ ಪುಸ್ತಕ ಏನಾದ್ರೂ ಇದ್ರೆ ಅದು. ಎರಡು, ಅದು ನಿಜ ಅಂತ ವಕೀಲರ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್. ಮೂರು, ದಾನಪತ್ರ. ಅದಕ್ಕೆ ಸಹಿ ಹಾಕೋ ಮುಂಚೆ ನೀವು ಬೇರೆ ವಕೀಲರ ಹತ್ರ, ನಮ್ಮ ಹತ್ರ ಅಲ್ಲ, ಸಲಹೆ ತಗೋಬೇಕು. ನಾವು ಕ್ಲೈವ್ ಅವರ ವಕೀಲರು, ನಿಮ್ಮ ವಕೀಲರಲ್ಲ. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಮೂರೂ ನನ್ನ ಮೇಜಿನ ಮೇಲಿರಬೇಕು. ಇಲ್ಲದಿದ್ರೆ ಮನೆ ಹರಾಜಿಗೆ ಹಾಕ್ತೀವಿ ಅಂತ ಮಾರೋ ಕಡೆಯೋರು ಬರೆದಿದಾರೆ."

ಅಂದು ಮಂಗಳವಾರ.

ಮನೆ ಎಂದರೆ ಹಡಗುಕಟ್ಟೆಗೆ ಹತ್ತಿರದ ಬೀದಿಯಲ್ಲಿ ಸಾಲುಮನೆಗಳ ನಡುವಿನದೊಂದು, ಎರಡು ಕೋಣೆ ಕೆಳಗೆ, ಎರಡು ಮೇಲೆ. ಕ್ಲೈವ್ ಅದರಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದ. ಜನೀನ್ ಬಂದು ನಾಲ್ಕು ವರ್ಷವಾಗಿತ್ತು. ಸ್ಪೇನಿನಲ್ಲಿ ನೆಲೆಸಿದ್ದ ಮಾಲೀಕ ಬೇಸಿಗೆಯಲ್ಲಿ ಒಂದು ಕಾಗದ ಬರೆದ: ಊರಿನ ಮನೆಗಳನ್ನೆಲ್ಲ ಮಾರುತ್ತಿದ್ದೇನೆ, ಎಂಬತ್ನಾಲ್ಕು ಸಾವಿರ ಕೊಟ್ಟರೆ ನಿಮಗೇ ಮೊದಲು. ಬಸ್ ಚಾಲಕನಾದ ಕ್ಲೈವ್‌ಗೆ ಬ್ಯಾಂಕು ಸಾಲ ಕೊಡಲು ಒಪ್ಪಿತು, ನೂರಕ್ಕೆ ಹದಿನೈದು ಪಾಲು ಕೈಯಿಂದ ಹಾಕಿದರೆ. ಅದು ಹನ್ನೆರಡು ಸಾವಿರದ ಆರುನೂರು. ಕ್ಲೈವ್ ಹತ್ತಿರ ಸಾವಿರದ ಇನ್ನೂರು ಇತ್ತು. ಉಳಿದದ್ದು ಜನೀನ್‌ಳದು.

ಅವಳ ಹೆಸರನ್ನು ಮಾತ್ರ ಬ್ಯಾಂಕು ಒಪ್ಪಲಿಲ್ಲ. ಆರು ವರ್ಷದ ಹಿಂದೆ ಅವಳ ಗಂಡ ರೇ, ಅವಳ ಹೆಸರಿನಲ್ಲಿ ಹದಿನೇಳು ಸಾವಿರ ಸಾಲ ಮಾಡಿಟ್ಟು ಸ್ಕಾಟ್ಲೆಂಡಿನ ಕಡೆ ಹೋಗಿಬಿಟ್ಟಿದ್ದ. ಸಾಲ ಸಲಹಾ ಕೇಂದ್ರದ ಹೆಂಗಸೊಬ್ಬಳು ಅರ್ಜಿ ತುಂಬಿಕೊಟ್ಟಳು. ಸಂಬಳ ಕಡಿಮೆ, ಆಸ್ತಿ ಇಲ್ಲ, ಆದ್ದರಿಂದ ಸಾಲ ರದ್ದು ಮಾಡಿ ಎಂದು. ಐದೂಮುಕ್ಕಾಲು ವರ್ಷದ ಹಿಂದೆ ಸರ್ಕಾರ ರದ್ದು ಮಾಡಿತು. ಅದರ ಗುರುತು ಆರು ವರ್ಷ ಹೆಸರಿನ ಮೇಲೆ ಉಳಿಯುತ್ತದೆ. ಇನ್ನು ಮೂರು ತಿಂಗಳಿಗೆ ಅಳಿಸಿಹೋಗುತ್ತಿತ್ತು. ಮಾಲೀಕ ಮೂರು ತಿಂಗಳು ಕಾಯಲು ತಯಾರಿರಲಿಲ್ಲ. ಹಾಗಾಗಿ ಮನೆ ಕ್ಲೈವ್ ಒಬ್ಬನ ಹೆಸರಿಗೆ, ಅವಳ ಹಣ ಅವನಿಗೆ ದಾನ ಎಂದಾಯಿತು.

ಆ ಅರ್ಜಿಯ ಕೊನೆಯ ಪುಟದಲ್ಲಿ ಒಂದು ಸಾಲಿತ್ತು. 'ಒಂದು ಸಾವಿರ ಪೌಂಡಿಗೆ ಮೀರಿದ ನಗದಾಗಲಿ ವಸ್ತುವಾಗಲಿ ನನ್ನಲ್ಲಿಲ್ಲ.' ಜನೀನ್ ಅದರ ಕೆಳಗೆ ಸಹಿ ಹಾಕಿದ್ದಳು. ಆ ಹೊತ್ತಿಗೆ ಅವಳ ಫ್ರೀಜರಿನ ತಳದಲ್ಲಿ, ಬಟಾಣಿ ಚೀಲಗಳ ಕೆಳಗೆ, ಐಸ್‌ಕ್ರೀಮ್ ಡಬ್ಬಿಯಲ್ಲಿ ಏಳು ಸಾವಿರದ ಇನ್ನೂರು ಪೌಂಡ್ ಇತ್ತು. ರೇ ಕಣ್ಣಿಗೆ ಬೀಳದ ಹಾಗೆ ಹನ್ನೊಂದು ವರ್ಷ ಕೂಡಿಟ್ಟ ಚೀಟಿ ಹಣ. ಎಲ್ಲರೂ ಡಿಸೆಂಬರಿನಲ್ಲಿ ಚೀಟಿ ಹಣವನ್ನು ಹಬ್ಬಕ್ಕೆ ಉಡಾಯಿಸಿದರೆ ಅವಳು ಅರ್ಧ ಹಬ್ಬಕ್ಕೆ, ಅರ್ಧ ಡಬ್ಬಿಗೆ ಹಾಕುತ್ತಿದ್ದಳು. ಗಂಡನಿಂದ ಬಚ್ಚಿಟ್ಟದ್ದನ್ನು ಸರ್ಕಾರಕ್ಕೆ ಹೇಳಬೇಕೆಂದು ಆ ದಿನ ಅವಳಿಗೆ ಹೊಳೆಯಲೇ ಇಲ್ಲ. ಹೊಳೆದದ್ದು ಆರು ತಿಂಗಳ ಮೇಲೆ, ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ. ಇಳಿಯುವ ನಿಲ್ದಾಣ ಬಿಟ್ಟು ಎರಡು ನಿಲ್ದಾಣ ಮುಂದೆ ಹೋಗಿದ್ದಳು.

ಚೀಟಿಯ ಪುಸ್ತಕಗಳು ಅವಳ ಹತ್ತಿರ ಇದ್ದವು. ಅಂಗೈ ಅಗಲದ ಕೆಂಪು ಪುಸ್ತಕ, ನಾಲ್ಕು. ಪ್ರತಿ ಶುಕ್ರವಾರದ ತಾರೀಖು, ಮೊತ್ತ, ಮಾವಿಸ್‌ಳ ಸಹಿ. ಹದಿನಾರು ವರ್ಷದ ಲೆಕ್ಕ, ಒಂದು ಪೆನ್ನಿ ತಪ್ಪಿಲ್ಲದೆ. ಅವನ್ನು ಬ್ರಯೋನಿಗೆ ಕಳಿಸಿದರೆ ಹಣ ಅವಳದೇ ಎಂದು ರುಜುವಾತಾಗುತ್ತಿತ್ತು. ಸಾಲ ರದ್ದು ಮಾಡಿಸಿಕೊಂಡ ದಿನ ಅವಳು ಸರ್ಕಾರಕ್ಕೆ ಸುಳ್ಳು ಹೇಳಿದ್ದೂ ಅದೇ ಪುಟಗಳಲ್ಲಿ ರುಜುವಾತಾಗುತ್ತಿತ್ತು.

*

ಮಾವಿಸ್‌ಳ ಮಗಳು ಟ್ರೂಡಿ ಎಲ್ಲವನ್ನೂ ಕೇಳಿಸಿಕೊಂಡು, ಸಿಗರೇಟು ಆರಿಸಿ, "ಹೊಸ ಪುಸ್ತಕ ಬರೆಸೋಣ," ಎಂದಳು.

"ಯಾರ ಕೈಲಿ?"

"ಅಮ್ಮನ ಕೈಲೇ. ನಾನು ಬರೆದ್ರೆ ಕಳ್ಳಸಹಿ. ಅಮ್ಮ ಬರೆದ್ರೆ ಅಮ್ಮನ ಸಹಿ. ಖಾಲಿ ಪುಸ್ತಕ ಇನ್ನೂ ಒಂದು ಡಜನ್ ಬಿದ್ದಿದೆ ಮನೇಲಿ. ಸಾಲ ರದ್ದಾಗಿ ಒಂದು ವರ್ಷ ಆದ ಮೇಲಿನ ಶುಕ್ರವಾರಗಳು ಮಾತ್ರ. ಆಗ ಆ ಅರ್ಜಿಗೂ ಈ ದುಡ್ಡಿಗೂ ಸಂಬಂಧ ಇರಲ್ಲ." ಅವಳು ಫೋನಿನಲ್ಲಿ ಗುಣಿಸಿದಳು. "ವಾರಕ್ಕೆ ಐವತ್ತು. ಇನ್ನೂರ ಇಪ್ಪತ್ತೆಂಟು ಶುಕ್ರವಾರ. ಸರಿಯಾಗಿ ಹನ್ನೊಂದು ಸಾವಿರದ ನಾನೂರು. ನೋಡು, ದೇವರೇ ಲೆಕ್ಕ ಹಾಕಿಟ್ಟ ಹಾಗಿದೆ."

"ಅವಳಿಗೆ ಗೊತ್ತಾಗಲ್ವಾ?"

"ಜನ್, ಮೊನ್ನೆ ನನ್ನನ್ನ 'ಏನಮ್ಮ, ಹೊಸ ನರ್ಸಾ' ಅಂತ ಕೇಳಿದಳು."

ಟ್ರೂಡಿಯ ಮೇಲೆ ಜನೀನ್‌ಳ ಋಣವಿತ್ತು. ನಾಲ್ಕು ತಿಂಗಳ ಹಿಂದೆ ಮಾವಿಸ್ ಅಡುಗೆಮನೆಯಲ್ಲಿ ಬಿದ್ದು ಒಂದು ದಿನವಿಡೀ ಹಾಗೇ ಇದ್ದಾಗ ಬಾಗಿಲ ಗಾಜು ಒಡೆದು ಒಳಗೆ ಹೋದವಳು ಜನೀನ್. ಆಮೇಲೆ ವೃದ್ಧರ ಮನೆಗೆ ಸೇರಿಸಿದ ಮೇಲೂ ಪ್ರತಿ ಭಾನುವಾರ ತಪ್ಪದೆ ಬರುವವಳು ಅವಳೊಬ್ಬಳೇ. ಆದರೆ ಆ ಮಂಗಳವಾರ ಮಧ್ಯಾಹ್ನ ಅವರಿಬ್ಬರೂ ವೃದ್ಧರ ಮನೆಯ ಬಾಗಿಲಲ್ಲಿ ಹೆಸರು ಬರೆದು ಒಳಗೆ ಹೋಗುವಾಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಟ್ರೂಡಿಯ ಚೀಲದಲ್ಲಿ ಖಾಲಿ ಕೆಂಪು ಪುಸ್ತಕ, ಬೇರೆ ಬೇರೆ ಬಣ್ಣದ ಮೂರು ಪೆನ್ನು, ಮತ್ತು ಮಾವಿಸ್ ಮೂವತ್ತೊಂದು ವರ್ಷ ಚೀಟಿ ಹಣ ಇಡುತ್ತಿದ್ದ ಹಳೆಯ ತಗಡಿನ ಡಬ್ಬಿ ಇದ್ದವು. ಡಬ್ಬಿ ಕಂಡರೆ ಅಮ್ಮನಿಗೆ ಹಳೆಯದು ನೆನಪಾಗುತ್ತದೆ ಎಂದು ತಂದಿದ್ದಳು.

ಮಾವಿಸ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಡಬ್ಬಿ ಕಂಡೊಡನೆ ಬೆನ್ನು ನೆಟ್ಟಗೆ ಮಾಡಿದಳು.

"ಜನೀನಾ? ಇವತ್ತು ಶುಕ್ರವಾರನಾ?"

"ಹೌದು ಮಾವಿಸ್."

"ತಡ ಮಾಡ್ಬಿಟ್ಟೆ. ಎಲ್ಲಿ ಉಳಿದ ಹುಡುಗೀರು?" ಪುಸ್ತಕ ತೆರೆದು ಮೊದಲ ಪುಟವನ್ನು ಅಂಗೈಯಿಂದ ಒತ್ತಿ ಸಪಾಟು ಮಾಡಿದಳು. "ಎಷ್ಟು?"

"ಐವತ್ತು."

"ಥೂ! ಐವತ್ತಂತೆ. ಇಪ್ಪತ್ತೈದು ಹಾಕೋಳು ನೀನು. ಯಾಕೆ, ಆ ರೇ ಸತ್ನಾ?"

"ಬಿಟ್ಟು ಹೋದ."

"ಅದೂ ಒಂದೇ." ಮಾವಿಸ್ ಪೆನ್ನು ಎತ್ತಿಕೊಂಡಳು. ಬರೆಯಲಿಲ್ಲ. ಎಡಗೈ ಚಾಚಿದಳು. "ಎಲ್ಲಿ?"

"ಏನು?"

"ದುಡ್ಡು ಕಣೇ. ದುಡ್ಡು ಕಾಣದೆ ನಾನು ಬರೆಯಲ್ಲ. ಯಾವತ್ತಾದ್ರೂ ಬರೆದಿದೀನಾ?"

ಇದನ್ನು ಇಬ್ಬರೂ ಯೋಚಿಸಿರಲಿಲ್ಲ. ಜನೀನ್‌ಳ ಪರ್ಸಿನಲ್ಲಿ ಮೂವತ್ತು ಪೌಂಡ್ ಇತ್ತು. ಟ್ರೂಡಿ ಎರಡು ಹತ್ತರ ನೋಟು ತೆಗೆದುಕೊಟ್ಟಳು. ಮಾವಿಸ್ ಹೆಬ್ಬೆರಳಿಗೆ ಎಂಜಲು ತಾಗಿಸಿ ಐದು ನೋಟನ್ನೂ ಎಣಿಸಿ, ಬೆಳಕಿಗೆ ಹಿಡಿದು, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ತಾರೀಖು ಕೇಳಿದಳು. ಟ್ರೂಡಿ ಫೋನಿನಲ್ಲಿ ಪಟ್ಟಿ ಮಾಡಿಟ್ಟ ಮೊದಲ ಶುಕ್ರವಾರದ ತಾರೀಖನ್ನು ಹೇಳಿದಳು. ಮಾವಿಸ್ ಬರೆದಳು, ಸಹಿ ಹಾಕಿದಳು. ಅಕ್ಷರ ಹದಿನಾರು ವರ್ಷದ ಹಿಂದಿನ ಅದೇ ಅಕ್ಷರ, ಮುತ್ತಿನ ಹಾಗೆ.

"ಮುಂದಿನೋಳು ಬಾ," ಎಂದಳು.

ಟ್ರೂಡಿ, ಅಮ್ಮನ ಹೊದಿಕೆ ಸರಿಮಾಡುವವಳ ಹಾಗೆ ಬಗ್ಗಿ, ಡಬ್ಬಿಯಿಂದ ಐದು ನೋಟು ತೆಗೆದು ಮೇಜಿನ ಕೆಳಗಿಂದ ಜನೀನ್‌ಳ ಮಡಿಲಿಗೆ ದಾಟಿಸಿದಳು.

"ಮಾವಿಸ್, ಶುಕ್ರವಾರ ಬಂತು," ಎಂದಳು ಜನೀನ್.

"ಬಂತಾ? ಎಷ್ಟು?"

"ಐವತ್ತು."

"ಐವತ್ತಾ! ಯಾಕೆ, ರೇ ಸತ್ನಾ?"

ಮೊದಲ ಹತ್ತು ಶುಕ್ರವಾರ ರೇ ಪ್ರತಿ ಸಲವೂ ಸತ್ತಿರಬಹುದೇ ಎಂದು ಅವಳು ವಿಚಾರಿಸಿದಳು. ಇಪ್ಪತ್ತರ ಹೊತ್ತಿಗೆ ಐವತ್ತು ಅಭ್ಯಾಸವಾಯಿತು. ಅದೇ ಐದು ನೋಟು ಕೈಯಿಂದ ಕೈಗೆ, ಡಬ್ಬಿಗೆ, ಮೇಜಿನ ಕೆಳಗಿಂದ ಮಡಿಲಿಗೆ, ಮಡಿಲಿಂದ ಮತ್ತೆ ಮೇಜಿನ ಮೇಲಕ್ಕೆ ಸುತ್ತುತ್ತಿದ್ದವು. ಮಾವಿಸ್ ಒಂದು ಸಲವೂ ಎಣಿಸದೆ ಬಿಡಲಿಲ್ಲ. ಒಂದು ಸಲ ಟ್ರೂಡಿ ಅವಸರದಲ್ಲಿ ನಾಲ್ಕೇ ದಾಟಿಸಿದ್ದಳು. ಮಾವಿಸ್ ನೋಟುಗಳನ್ನು ಹಿಂದಕ್ಕೆ ತಳ್ಳಿ, "ನನ್ನ ಹತ್ರ ಆಟ ಆಡ್ಬೇಡ ಕಣೇ," ಎಂದಳು.

ಅವಳಿಗೆ ಪ್ರತಿಯೊಂದೂ ಬೇರೆ ಶುಕ್ರವಾರವಾಗಿತ್ತು. ಒಮ್ಮೆ ಹೊರಗೆ ವಿಪರೀತ ಚಳಿ ಎಂದಳು. ಇನ್ನೊಮ್ಮೆ ಫೋರ್‌ಮನ್ ಇವತ್ತು ಯಾಕೋ ಮುಖ ಗಂಟು ಹಾಕಿದ್ದಾನೆ ಎಂದಳು. ಶೀಲಾ ಎರಡು ವಾರದಿಂದ ಕಾಣಲಿಲ್ಲ, ಹುಷಾರಿದ್ದಾಳೆ ತಾನೆ ಎಂದು ಕೇಳಿದಳು. ಶೀಲಾ ಸತ್ತು ಏಳು ವರ್ಷವಾಗಿತ್ತು. "ಹುಷಾರಿದಾಳೆ," ಎಂದಳು ಜನೀನ್. ಅರವತ್ತನೆಯ ಶುಕ್ರವಾರ ಟ್ರೂಡಿ ಪೆನ್ನು ಬದಲಾಯಿಸಿದಳು. ಚಹಾ ತಂದ ಆಯಾ ಬಾಗಿಲಲ್ಲಿ ನಿಂತು ಮೇಜಿನ ಮೇಲಿನ ನೋಟುಗಳನ್ನು ನೋಡಿ ನಕ್ಕಳು.

"ಏನ್ರಮ್ಮ ಇದು, ಜೂಜಾ?"

"ಇದ್ರಲ್ಲಿ ಯಾರೂ ಗೆಲ್ಲಲ್ಲ ಕಣಮ್ಮ," ಎಂದಳು ಟ್ರೂಡಿ.

ನೂರ ಹತ್ತಕ್ಕೆ ಮಾವಿಸ್‌ಳ ಕೈ ಸೋತಿತು. ನಾಳೆ ಬರುತ್ತೇವೆಂದು ಎದ್ದರು.

*

ಕ್ಲೈವ್ ಆ ಸಂಜೆ ಟೇಪು ಹಿಡಿದು ಹಿಂದಿನ ಕೋಣೆಯ ಗೋಡೆ ಅಳೆಯುತ್ತಿದ್ದ. ಒಂಬತ್ತು ವರ್ಷದಿಂದ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕನಿಗೆ ಕಾಗದ ಬರೆದು ಕಾದವನು.

"ಕಾಗದ ಸಿಕ್ತಾ?" ಎಂದು ಕೇಳಿದ.

"ನಾಳೆ ಸಿಗುತ್ತೆ."

"ಇದೊಳ್ಳೆ ಕಥೆ. ನಿನ್ನ ದುಡ್ಡು ನಿನ್ನದು ಅಂತ ನೀನೇ ರುಜು ಮಾಡ್ಬೇಕು." ಟೇಪು ಸರಕ್ಕನೆ ಒಳಗೆ ಸೇರಿತು. "ಇಲ್ಲಿ ನಿನ್ನ ಫ್ರೀಜರಿಗೆ ಗೂಡು ಮಾಡ್ತೀನಿ, ಜನ್. ನಡು ದಾರೀಲಿ ಇರಲ್ಲ ಇನ್ಮೇಲೆ."

ಅವನ ಮನೆಗೆ ಬರುವಾಗ ಅವಳು ತಂದ ಒಂದೇ ದೊಡ್ಡ ಸಾಮಾನು ಆ ಫ್ರೀಜರು.

"ಕ್ಲೈವ್, ವಿಲ್ ಬರೀತೀನಿ ಅಂದಿದ್ದೆಯಲ್ಲ."

"ಬರೀತೀನಿ ಕಣೇ. ಇದೊಂದು ಮುಗೀಲಿ." ಅವನು ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ. "ಈಗ್ಲೇ ನನ್ನ ಸಾಯಿಸ್ಬೇಡ. ನನ್ನ ಹೆಸರಲ್ಲಿದ್ರೇನು, ನಿನ್ನ ಹೆಸರಲ್ಲಿದ್ರೇನು, ಮಲಗೋದು ಇಬ್ರೂ ಇಲ್ಲೇ ಅಲ್ವಾ?"

ಅವನು ಕೆಟ್ಟವನಲ್ಲ. ಅದು ಅವಳಿಗೆ ಗೊತ್ತಿತ್ತು. ಅವನಿಗೆ ಮೊದಲ ಮದುವೆಯಿಂದ ಒಬ್ಬ ಮಗಳಿದ್ದಾಳೆ ಎಂಬುದೂ ಗೊತ್ತಿತ್ತು. ಶುಕ್ರವಾರ ಮನೆ ಕೈಬಿಟ್ಟರೆ ಅವರಿಬ್ಬರ ಸಂಬಳಕ್ಕೆ ಈ ಊರಿನಲ್ಲಿ ಈಗ ಬಾಡಿಗೆಗೆ ಸಿಗುವುದು ಒಂದೇ ಒಂದು ಕೋಣೆ, ಅದೂ ಹಂಚಿಕೊಂಡ ಬಚ್ಚಲಿನದು ಎಂಬುದೂ ಗೊತ್ತಿತ್ತು. ನಾಲ್ಕು ಕಡೆ ಹೋಗಿ ನೋಡಿ ಬಂದಿದ್ದಳು. ಅವಳಿಗೆ ಐವತ್ತಾರು ವರ್ಷ.

*

ಬುಧವಾರ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಇನ್ನೂರ ಇಪ್ಪತ್ತೆಂಟನೆಯ ಶುಕ್ರವಾರ ಮುಗಿಯಿತು. ಜನೀನ್ ಪುಸ್ತಕಕ್ಕೆ ಕೈ ಚಾಚಿದಳು. ಮಾವಿಸ್ ಕೊಡಲಿಲ್ಲ.

"ತಾಳೇ. ಹಂಚೋದು ಬೇಡ್ವಾ?"

"ಏನಮ್ಮ ಹಂಚೋದು?" ಎಂದಳು ಟ್ರೂಡಿ.

"ಡಿಸೆಂಬರಲ್ವಾ?" ಮಾವಿಸ್ ಪುಟದಿಂದ ಪುಟಕ್ಕೆ ಬೆರಳಿಟ್ಟು ಕೂಡುತ್ತ ಹೋದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಕಾಗದದ ಮೇಲೆ ಏನನ್ನೂ ಬರೆದುಕೊಳ್ಳಲಿಲ್ಲ. ಹತ್ತು ನಿಮಿಷ ಹಿಡಿಯಿತು. "ಹನ್ನೊಂದು ಸಾವಿರದ ನಾನೂರು," ಎಂದಳು. "ಭಲೇ ಹುಡುಗಿ. ಇಷ್ಟು ಯಾರೂ ಹಾಕಿರಲಿಲ್ಲ." ಡಬ್ಬಿಯ ಮುಚ್ಚಳ ತೆಗೆದಳು.

ಒಳಗೆ ಐದು ನೋಟು ಇದ್ದವು.

ಅವನ್ನು ಎಣಿಸಿದಳು. ಡಬ್ಬಿಯನ್ನು ಬೋರಲು ಮಾಡಿ ತಳ ತಟ್ಟಿದಳು. ಮತ್ತೆ ಎಣಿಸಿದಳು. ಪುಸ್ತಕ ನೋಡಿದಳು, ನೋಟು ನೋಡಿದಳು. ಮುಖದ ಬಣ್ಣ ಇಳಿಯುತ್ತಿರುವುದು ಜನೀನ್‌ಗೆ ಕಾಣಿಸಿತು.

"ಯಾರು ಬಂದಿದ್ರು ಇಲ್ಲಿಗೆ?"

"ಯಾರೂ ಇಲ್ಲಮ್ಮ. ದುಡ್ಡು ಜನೀನ್‌ಗೆ ಕೊಟ್ಟಾಯ್ತು. ನೀನೇ ಕೊಟ್ಟೆ."

"ಕೊಟ್ಟಿದ್ರೆ ಬರೆದಿರ್ತಿದ್ದೆ."

"ಹಾಗಾದ್ರೆ ಈಗ ಬರಿ. ಕೊನೇ ಸಾಲು. 'ಪೂರ್ತಿ ಸಂದಾಯ' ಅಂತ."

"ಕೊಡದೆ ಬರೀಲಾ?" ಮಾವಿಸ್ ಮಗಳನ್ನು ಅಪರಿಚಿತಳನ್ನು ನೋಡುವಂತೆ ನೋಡಿದಳು. "ಯಾರಮ್ಮ ನೀನು? ನಂಗೆ ಕಳ್ಳಲೆಕ್ಕ ಬರೆಯೋಕೆ ಹೇಳ್ತೀಯಾ?"

"ಮಾವಿಸ್, ನಂಗೆ ಬಂತು ದುಡ್ಡು," ಎಂದು ಜನೀನ್ ಅವಳ ಕೈ ಹಿಡಿದಳು. "ಪೂರ್ತಿ ಬಂತು. ಬ್ಯಾಂಕಲ್ಲಿದೆ. ಆಣೆ ಮಾಡಿ ಹೇಳ್ತೀನಿ."

"ನೀನು ಒಳ್ಳೇಳು. ನನ್ನ ಮಾನ ಉಳಿಸೋಕೆ ಹೇಳ್ತಿದೀಯ." ಮಾವಿಸ್ ಕೈ ಬಿಡಿಸಿಕೊಂಡು ಎದ್ದಳು. ದಿಂಬಿನ ಕೆಳಗೆ ನೋಡಿದಳು. ಬೀರುವಿನ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ನೆಲಕ್ಕೆ ಹಾಕಿದಳು. ಚಪ್ಪಲಿಯೊಳಗೆ ಕೈಹಾಕಿದಳು. "ಹುಡುಗೀರ ದುಡ್ಡು," ಎನ್ನುತ್ತಿದ್ದಳು. "ಹುಡುಗೀರ ದುಡ್ಡು ಕಳೆದುಬಿಟ್ನಲ್ಲ. ಮೂವತ್ತೊಂದು ವರ್ಷ. ಬೀದೀಲಿ ಹ್ಯಾಗೆ ಮುಖ ತೋರಿಸಲಿ."

ಆಯಾ ಓಡಿಬಂದಳು. ಮಾತ್ರೆ ಕೊಟ್ಟು ಮಲಗಿಸಿದರು. ಕಣ್ಣು ಮುಚ್ಚಿದ ಮೇಲೂ ಅವಳ ಕೈ ಹೊದಿಕೆಯ ಅಂಚನ್ನು ತಡಕುತ್ತಿತ್ತು.

ಓಣಿಯಲ್ಲಿ ಗೋಡೆಗೆ ಪುಸ್ತಕ ಒತ್ತಿ ಹಿಡಿದು ಕೊನೆಯ ಸಾಲನ್ನು ಟ್ರೂಡಿಯೇ ಬರೆದಳು. ಅಮ್ಮನ ಸಹಿಯನ್ನು ಅವಳು ಶಾಲೆಯ ಕಾಲದಿಂದ ಬಲ್ಲವಳು. ಬರೆದು ಮುಗಿಸಿ, ಇಪ್ಪತ್ತು ಪೌಂಡ್ ವಾಪಸ್ ಕೇಳದೆ, "ಇನ್ನು ಇದರ ಮಾತು ನನ್ನ ಹತ್ರ ಎತ್ತಬೇಡ," ಎಂದು ಹೊರಟುಹೋದಳು.

*

ಗುರುವಾರದ ವಕೀಲರ ಹೆಸರು ಥರ್ಕೆಲ್. ಮೀನು ಮಾರುಕಟ್ಟೆಯ ರಸ್ತೆಯಲ್ಲಿ, ಮೇಲಂತಸ್ತಿನಲ್ಲಿ, ಎಪ್ಪತ್ತು ದಾಟಿದ ಮನುಷ್ಯ. ಸಲಹೆಗೆ ನೂರ ಎಂಬತ್ತು ಪೌಂಡ್. ಪ್ರಮಾಣಕ್ಕೆ ಐದು, ಅದಕ್ಕೆ ಲಗತ್ತಿಸುವ ಪುಸ್ತಕಕ್ಕೆ ಎರಡು. ಈ ಏಳು ಪೌಂಡು ಮಾತ್ರ ನಾನು ಕೆಲಸಕ್ಕೆ ಸೇರಿದಾಗಿನಿಂದ ಹೆಚ್ಚಿಲ್ಲ ಎಂದು ಅವರೇ ಹೇಳಿದರು. ಜನೀನ್ ನಗಲಿಲ್ಲ.

"ಮೊದಲು ದಾನಪತ್ರ," ಎಂದು ಅವರು ಕನ್ನಡಕ ಏರಿಸಿಕೊಂಡರು. "ಇದನ್ನ ನಿಮಗೆ ಅರ್ಥ ಮಾಡಿಸಿದೆ ಅಂತ ನಾನು ಬರೆದುಕೊಡಬೇಕು. ಆದ್ದರಿಂದ ಸ್ವಲ್ಪ ಕಠಿಣವಾಗೇ ಹೇಳ್ತೀನಿ. ನೀವು ಹನ್ನೊಂದು ಸಾವಿರದ ನಾನೂರು ಕೊಡ್ತೀರಿ. ವಾಪಸ್ ಕೇಳೋ ಹಕ್ಕಿಲ್ಲ. ಮನೇಲಿ ನಿಮಗೆ ಪಾಲಿಲ್ಲ. ನಾಳೆ ನಾಡಿದ್ದು ನೀವಿಬ್ಬರೂ ಬೇರೆಯಾದ್ರೆ ನಿಮಗೆ ಒಂದು ಇಟ್ಟಿಗೆ ಬರಲ್ಲ. ಅವರು ವಿಲ್ ಬರೀದೆ ತೀರಿಕೊಂಡ್ರೆ ಮನೆ ಅವರ ಮಗಳಿಗೆ. ಸಾಲ ಕಟ್ಟದೆ ಬ್ಯಾಂಕು ಮನೆ ತಗೊಂಡ್ರೆ, 'ನಾನೂ ಇಲ್ಲಿ ಇದೀನಿ' ಅಂತ ನೀವು ಹೇಳೋ ಹಾಗಿಲ್ಲ, ಎದ್ದು ಹೋಗಬೇಕು. ಆ ಎರಡನೇ ಹಾಳೆ ಅದೇ. ಗೊತ್ತಾಯ್ತಾ?"

"ಗೊತ್ತಾಯ್ತು."

"ಯಾರಾದ್ರೂ ಒತ್ತಾಯ ಮಾಡ್ತಿದಾರಾ?"

"ಮನೆ ಮಾಲೀಕ," ಎಂದಳು.

"ಅದು ಲೆಕ್ಕಕ್ಕಿಲ್ಲ." ಥರ್ಕೆಲ್ ಸಹಿ ಹಾಕುವ ಜಾಗ ತೋರಿಸಿದರು. ಅವಳು ಎರಡು ಕಡೆ ಸಹಿ ಹಾಕಿದಳು. ಆಮೇಲೆ ಅವರು ಕೆಂಪು ಪುಸ್ತಕ ಕೈಗೆತ್ತಿಕೊಂಡರು. ನಿಧಾನವಾಗಿ ಪುಟ ತಿರುಗಿಸಿದರು. ಒಂದು ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ನಾಲ್ಕೂವರೆ ವರ್ಷ ಹೊಗೆಮನೆಯ ಹೆಂಗಸಿನ ಕೈಯಲ್ಲಿದ್ದ ಪುಸ್ತಕ, ಅದಕ್ಕೆ ಮೀನಿನ ಕಮಟೂ ಇರಲಿಲ್ಲ, ಒಂದು ಕಲೆಯೂ ಇರಲಿಲ್ಲ.

"ನಮ್ಮ ತಾಯಿ ಚೀಟಿ ಹಾಕ್ತಿದ್ರು," ಎಂದರು. "ಅವರ ಪುಸ್ತಕ ಮುಟ್ಟಿದ್ರೆ ಕೈ ತೊಳ್ಕೋಬೇಕಿತ್ತು. ಇದು ತುಂಬ ಅಚ್ಚುಕಟ್ಟಾಗಿದೆ. ಬರೆದೋರು ಈಗ?"

"ವೃದ್ಧರ ಮನೇಲಿದಾಳೆ. ಮರೆವು."

"ಹಾಗಾದ್ರೆ ಅವರನ್ನ ಕೇಳೋಕಾಗಲ್ಲ."

"ಇಲ್ಲ." ಜನೀನ್ ಕುರ್ಚಿಯ ಅಂಚಿಗೆ ಸರಿದಳು. "ಸಾರ್, ಒಂದು ಮಾತು ಹೇಳಲಾ—"

ಥರ್ಕೆಲ್ ಕೈ ಎತ್ತಿದರು. ಪೆನ್ನನ್ನು ಮೇಜಿನ ಮೇಲಿಟ್ಟು, ಅದನ್ನು ಕಾಗದದ ಅಂಚಿಗೆ ಸಮವಾಗಿ ಜೋಡಿಸಿದರು.

"ಮಿಸೆಸ್ ಮಂಬಿ, ಮುಂದಿನ ಮಾತು ಆಡೋ ಮುಂಚೆ ಕೇಳಿ. ನೀವು ಈ ಪುಸ್ತಕದ ಬಗ್ಗೆ ಏನಾದ್ರೂ ಹೇಳಿದ್ರೆ, ಆಮೇಲೆ ನಾನು ಕೇಳಿಸಿಕೊಂಡಿಲ್ಲ ಅನ್ನೋಕಾಗಲ್ಲ. ನಾನು ಯಾರಿಗೆ ತಿಳಿಸಬೇಕೋ ಅವರಿಗೆ ತಿಳಿಸಬೇಕಾಗುತ್ತೆ. ತಿಳಿಸಿದೆ ಅಂತ ನಿಮಗೆ ಹೇಳೋ ಹಾಗೂ ಇಲ್ಲ. ಏನೂ ಇಲ್ಲದಿದ್ರೆ, ಪ್ರಮಾಣ ಓದಿ, ಸಹಿ ಹಾಕಿ, ಏಳು ಪೌಂಡ್ ಕೊಟ್ಟು ಹೋಗಿ. ಹೇಳೋದು ಏನಾದ್ರೂ ಇದೆಯಾ?"

ಕೆಳಗೆ ರಸ್ತೆಯಲ್ಲಿ ಐಸು ಲಾರಿಯೊಂದು ಹಿಂದಕ್ಕೆ ಸರಿಯುತ್ತ ಕೂಗುತ್ತಿತ್ತು. ಅದು ನಿಲ್ಲುವವರೆಗೆ ಜನೀನ್ ಕಾದಳು.

"ಇಲ್ಲ," ಎಂದಳು.

ಎದ್ದು ನಿಂತು ಓದಿದಳು. ಈ ಪುಸ್ತಕದಲ್ಲಿರುವುದೆಲ್ಲ ಸತ್ಯವೆಂದು ಮನಃಪೂರ್ವಕ ನಂಬಿ ಗಂಭೀರವಾಗಿ ಘೋಷಿಸುತ್ತೇನೆ. ದನಿ ನಡುಗಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದಿತು. ಥರ್ಕೆಲ್ ಪುಸ್ತಕದ ರಟ್ಟಿನ ಮೇಲೆ ಮುದ್ರೆ ಒತ್ತಿ, ಲಗತ್ತಿನ ಗುರುತಾಗಿ ಅವಳ ಹೆಸರಿನ ಮೊದಲಕ್ಷರಗಳನ್ನೂ ಒಂದು ಎಂಬ ಅಂಕಿಯನ್ನೂ ಬರೆದರು. ಬಾಗಿಲವರೆಗೆ ಬಂದರು, ಕೈ ಕುಲುಕಲಿಲ್ಲ.

*

ಗುರುವಾರವೇ ತುರ್ತು ಅಂಚೆಗೆ ಹಾಕಿದ ಕಾಗದಗಳು ಬೆಳಿಗ್ಗೆ ಬ್ರಿಸ್ಟಲ್ ಸೇರಿದವು. ಶುಕ್ರವಾರ ಹನ್ನೆರಡೂ ನಲವತ್ತಕ್ಕೆ ಕ್ಲೈವ್ ಫೋನ್ ಮಾಡಿದ. "ಆಯ್ತು ಕಣೇ!" ಅವನ ಹಿಂದೆ ಬಸ್ ಡಿಪೋದಲ್ಲಿ ಯಾರೋ ಶಿಳ್ಳೆ ಹಾಕುತ್ತಿದ್ದರು. "ನಮ್ದಾಯ್ತು! ಬ್ರಯೋನಿ ಈಗ ತಾನೆ ಹೇಳಿದ್ಲು. ಸಂಜೆ ಮೀನು, ಆಲೂ ಕಟ್ಟಿಸ್ಕೊಂಡು ಬರ್ತೀನಿ, ಒಲೆ ಹಚ್ಚಬೇಡ."

"ಒಳ್ಳೇದಾಯ್ತು," ಎಂದಳು. ಹೊಸ ಬೀಗದ ಕೈ ಯಾರೂ ಕೊಡಬೇಕಾಗಿರಲಿಲ್ಲ. ಇದ್ದ ಬೀಗದ ಕೈಯೇ ಅವಳ ಏಪ್ರನ್ನಿನ ಜೇಬಿನಲ್ಲಿತ್ತು.

ಎರಡು ಗಂಟೆಗೆ ಸಂಬಳ ಆಯಿತು. ಅವಳು ದಾರಿಯ ಎಟಿಎಂ ಯಂತ್ರದಲ್ಲಿ ಐವತ್ತು ಪೌಂಡ್ ತೆಗೆದು, ಮನೆಯ ಕಡೆಗೆ ಹೋಗದೆ ಇನ್ನೊಂದು ಬಸ್ ಹತ್ತಿದಳು.

ವೃದ್ಧರ ಮನೆಯ ಆಯಾ ಬಾಗಿಲಲ್ಲೇ ತಡೆದಳು. "ಏನಾಗಿದೆಯೋ ಅವರಿಗೆ. ಎರಡು ದಿನದಿಂದ ಊಟ ಇಲ್ಲ. ಹಾಸಿಗೆ ಎಷ್ಟು ಸಲ ಹಾಸಿದ್ರೂ ಕಿತ್ತುಹಾಕ್ತಾರೆ. 'ಪೊಲೀಸರನ್ನ ಕರೀರಿ, ದುಡ್ಡು ಕದ್ದೋಳು ನಾನೇ' ಅಂತಾರೆ."

ಮಾವಿಸ್ ರಾತ್ರಿಯಂಗಿಯಲ್ಲಿ ಬರಿಯ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ತಗಡಿನ ಡಬ್ಬಿ ಮಡಿಲಲ್ಲಿತ್ತು. ಬುಧವಾರದ ಐದು ನೋಟು ಅದರಲ್ಲೇ ಉಳಿದಿದ್ದವು. ಟ್ರೂಡಿಯೂ ಮುಟ್ಟಿರಲಿಲ್ಲ, ಜನೀನೂ ಮುಟ್ಟಿರಲಿಲ್ಲ.

"ಜನೀನ್," ಎಂದಳು ಮಾವಿಸ್. ಹೆಸರು ಮರೆತಿರಲಿಲ್ಲ. "ಎಲ್ಲಾ ಕೊಡ್ತೀನಿ ಕಣೇ. ಹುಡುಗೀರಿಗೆ ಹೇಳು. ನಾನು ತಿಂದಿಲ್ಲ."

ಜನೀನ್ ನೆಲಕ್ಕೆ ಮಂಡಿಯೂರಿದಳು. ಮಂಚದ ಕೆಳಗೆ ಕೈಹಾಕಿ, ಹಿಂದಕ್ಕೆ ತೆಗೆದು, ಮುಷ್ಟಿ ಬಿಚ್ಚಿದಳು.

"ನೋಡು ಮಾವಿಸ್. ಇಲ್ಲೇ ಬಿದ್ದಿದೆ."

ಮಾವಿಸ್ ನೋಟು ತೆಗೆದುಕೊಂಡಳು. ಹೆಬ್ಬೆರಳಿಗೆ ಎಂಜಲು ತಾಗಿಸಿ ಎಣಿಸಿದಳು, ಬೆಳಕಿಗೆ ಹಿಡಿದಳು, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಪುಸ್ತಕಕ್ಕಾಗಿ ಸುತ್ತ ನೋಡಿದಳು. ಪುಸ್ತಕ ಬ್ರಿಸ್ಟಲ್‌ನಲ್ಲಿತ್ತು. ತಟ್ಟೆಯ ಪಕ್ಕದಲ್ಲಿದ್ದ ಕಾಗದದ ಕರವಸ್ತ್ರ ಬಿಡಿಸಿ, ಅದರ ಮೇಲೆ ಬರೆದಳು: ಐವತ್ತು, ಸಿಕ್ಕಿತು. ತಾರೀಖು ಕೇಳಿದಳು. ಜನೀನ್ ಆ ದಿನದ ತಾರೀಖನ್ನು ಹೇಳಿದಳು.

ಮಾವಿಸ್ ಸಹಿ ಹಾಕಿ, ಕೆಳಗೆ ನೋಡಿದಳು.

"ಸುಮ್ನೆ ಯಾಕೆ ಕೂತೆ? ಇನ್ನೂ ಹುಡುಕು."

ಜನೀನ್ ಬಗ್ಗಿ, ಕೆನ್ನೆಯನ್ನು ಹಾಸಿಗೆಯ ಪಕ್ಕಕ್ಕೆ ಒತ್ತಿ, ಭುಜದವರೆಗೆ ತೋಳನ್ನು ಮಂಚದ ಕೆಳಗೆ ಚಾಚಿದಳು. ಕತ್ತಲಲ್ಲಿ ಅವಳ ಬೆರಳುಗಳು ನೆಲವನ್ನು ತಡವುತ್ತ, ಗೋಡೆ ಮುಟ್ಟುವವರೆಗೆ ಹೋಗಿ, ಅಲ್ಲಿಂದ ತಿರುಗಿ ಮತ್ತೆ ಮೊದಲಿಂದ ಶುರುಮಾಡಿದವು.